ತಂತಿ ಹಗ್ಗ ಹುಟ್ಟಿದ ಕಾಡು

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ತುಂಡನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ. ಹುಷಾರು, ತುದಿ ಚುಚ್ಚುತ್ತದೆ. ಇರೋದು ಗೇಣುದ್ದ, ಆದರೆ ತೂಕ ನೋಡಿ. ಇದು ಕೋಲಾರ ಚಿನ್ನದ ಗಣಿಯ ರೋಪ್. ನಮ್ಮ ತಂದೆ ಅಲ್ಲಿ ವೈಂಡರ್ ಡ್ರೈವರ್ ಆಗಿದ್ದರು. ಅಂದರೆ ಜನ ತುಂಬಿದ ಕೇಜನ್ನು ಶಾಫ್ಟಿನೊಳಗೆ ಇಳಿಸುವ, ಮತ್ತೆ ಮೇಲಕ್ಕೆ ಎಳೆಯುವ ಯಂತ್ರ ನಡೆಸುವ ಕೆಲಸ. ಸವೆದ ರೋಪ್ ಬದಲಿಸಿದಾಗ ಕತ್ತರಿಸಿದ ಒಂದು ತುಂಡನ್ನು ಮನೆಗೆ ತಂದಿದ್ದರು. ಗಾಳಿಗೆ ಬಾಗಿಲು ಹೊಡೆದುಕೊಳ್ಳದಿರಲಿ ಅಂತ ಅಡ್ಡ ಇಡೋಕೆ ಎಷ್ಟೋ ವರ್ಷ ಅದೇ ಬಳಕೆಯಲ್ಲಿತ್ತು.

ಈ ಹಗ್ಗಕ್ಕೂ ಜರ್ಮನಿಯ ಒಂದು ಕಾಡಿಗೂ ಏನು ಸಂಬಂಧ ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಕೆಲಸದ ಮೇಲೆ ಗ್ಯೋಟಿಂಗನ್ ಊರಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿಂದ ಈಶಾನ್ಯಕ್ಕೆ ಹೊರಟರೆ ಹಾರ್ಟ್ಸ್ ಬೆಟ್ಟಗಳು ಸಿಗುತ್ತವೆ. ಮೊದಲ ಸಲ ಹೋದಾಗ ಸುಮ್ನೆ ಕಾಡು ನೋಡಿ ಬರೋಣ ಅಂತ ಹೋದವನು. ಆಮೇಲೆ ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತಿದ್ದೆ. ಆ ನಡಿಗೆಗಳಲ್ಲಿ ನನಗೆ ಅರ್ಥವಾಗಿದ್ದನ್ನು ಇವತ್ತು ಹೇಳುತ್ತೇನೆ. ಹಾರ್ಟ್ಸ್‌ನಲ್ಲಿ ಕಣ್ಣಿಗೆ ಕಾಣುವ ಕಾಡನ್ನು ಅಲ್ಲಿನ ನೆಲದಡಿಯ ಗಣಿ ಬೆಳೆಸಿತು. ಕಾಡು ಯಾಕೆ ಹಾಗಿದೆ, ಈಗ ಯಾಕೆ ಸಾಯುತ್ತಿದೆ ಅಂತ ತಿಳಿಯಬೇಕಾದರೆ ಕೆಳಗಿನ ಕಲ್ಲಿನಿಂದಲೇ ಶುರು ಮಾಡಬೇಕು.

ಮೊದಲು ಜಾಗ ಎಲ್ಲಿದೆ ಅಂತ ನೋಡಿಬಿಡೋಣ. ಜರ್ಮನಿಯ ಉತ್ತರ ಭಾಗ ಸಮುದ್ರದಿಂದ ಶುರುವಾಗಿ ನೂರಾರು ಕಿಲೋಮೀಟರ್ ಬರೀ ಬಯಲು. ದಕ್ಷಿಣದ ತುದಿಯಲ್ಲಿ ಆಲ್ಪ್ಸ್. ಇವೆರಡರ ನಡುವೆ ಇರುವ, ತೀರಾ ಎತ್ತರವಲ್ಲದ, ಕಾಡು ಹೊದ್ದ ಹಳೆಯ ಬೆಟ್ಟಸಾಲುಗಳಿಗೆ ಅವರು ‘ಮಿಟೆಲ್‌ಗೆಬಿರ್ಗೆ’ ಅನ್ನುತ್ತಾರೆ, ನಡು ಬೆಟ್ಟ ಅಂತ. ಹಾರ್ಟ್ಸ್ ಅವುಗಳಲ್ಲಿ ಬಯಲಿಗೆ ಮುಖಮಾಡಿ ನಿಂತ ಬೆಟ್ಟ. ಉದ್ದ ಸುಮಾರು 110 ಕಿಲೋಮೀಟರ್, ಅಗಲ 30ರಿಂದ 40 ಕಿಲೋಮೀಟರ್. ಲೋವರ್ ಸ್ಯಾಕ್ಸನಿ, ಸ್ಯಾಕ್ಸನಿ-ಆನ್‌ಹಾಲ್ಟ್, ಥುರಿಂಜಿಯಾ ಮೂರೂ ರಾಜ್ಯಗಳಿಗೆ ಇದರ ಪಾಲಿದೆ. ಅತಿ ಎತ್ತರದ ತುದಿ ಬ್ರೊಕೆನ್, 1,141 ಮೀಟರ್. ನಮ್ಮ ಮುಳ್ಳಯ್ಯನಗಿರಿ ಹತ್ತಿದವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಉತ್ತರ ಜರ್ಮನಿಯಲ್ಲಿ ಇದಕ್ಕಿಂತ ಎತ್ತರದ ನೆಲವೇ ಇಲ್ಲ.

ಹೆಸರುಗಳನ್ನು ಕೇಳಿ. ‘ಹಾರ್ಟ್ಸ್’ ಬಂದಿದ್ದು ‘ಹಾರ್ಟ್’ ಅನ್ನುವ ಹಳೆಯ ಮಾತಿನಿಂದ, ಅರ್ಥ ಬೆಟ್ಟದ ಕಾಡು. ಊರುಗಳ ಹೆಸರು ನೋಡಿದರೆ ವೆರ್ನಿಗೆರೋಡೆ, ಎಲ್ಬಿಂಗೆರೋಡೆ, ಹಾರ್ಟ್ಸ್‌ಗೆರೋಡೆ. ಈ ‘ರೋಡೆ’ ಅಂದರೆ ಮರ ಕಡಿದು, ಬೇರು ಕಿತ್ತು, ಬಯಲು ಮಾಡಿದ ಜಾಗ. ಕಾಡಿಗೆ ಕಾಡು ಅಂತ ಹೆಸರಿಟ್ಟರು, ಊರಿಗೆ ಕಾಡು ಕಡಿದ ಜಾಗ ಅಂತ ಹೆಸರಿಟ್ಟರು. ನಕ್ಷೆಯ ಮೇಲೇ ಅರ್ಧ ಕಥೆ ಇದೆ.

ಆಕಾರ ಹೇಗಿದೆ ಅಂದರೆ, ನೆಲದ ಮೇಲೆ ಮಲಗಿಸಿದ ದಪ್ಪ ಹಲಗೆಯ ಒಂದು ಅಂಚನ್ನು ಎತ್ತಿ ಹಿಡಿದ ಹಾಗೆ. ಎತ್ತಿದ ಅಂಚು ಉತ್ತರದ್ದು. ಗೊಸ್ಲಾರ್ ಅಥವಾ ವೆರ್ನಿಗೆರೋಡೆ ಕಡೆಯಿಂದ ಬಂದರೆ ಬಯಲಿನಲ್ಲಿ ಹೋಗುತ್ತಿದ್ದ ಹಾಗೇ ಎದುರಿಗೆ ಗೋಡೆ ಎದ್ದು ನಿಲ್ಲುತ್ತದೆ. ದಕ್ಷಿಣಕ್ಕೆ ಮಾತ್ರ ನಿಧಾನವಾದ ಇಳಿಜಾರು. ಡೈನೋಸಾರ್‌ಗಳ ಕಾಲದ ಕೊನೆಯ ಹಂತದಲ್ಲಿ ಉತ್ತರದ ಬಿರುಕಿನ ಉದ್ದಕ್ಕೂ ಈ ಇಡೀ ತುಂಡು ಮೇಲೆ ತಳ್ಳಲ್ಪಟ್ಟಿತು. ಆ ನೂಕಿಗೆ ಪಕ್ಕದ ಮರಳುಗಲ್ಲಿನ ಪದರಗಳು ಎದ್ದು ನೆಟ್ಟಗೆ ನಿಂತುಬಿಟ್ಟವು. ಮೆತ್ತನೆಯ ಭಾಗವೆಲ್ಲ ಸವೆದು, ಗಟ್ಟಿ ಪದರ ಮಾತ್ರ ಬಯಲಿನಲ್ಲಿ ಮುರುಕು ಕೋಟೆಯ ಹಾಗೆ ಉಳಿದಿದೆ. ಜನ ಅದಕ್ಕೆ ಸೈತಾನನ ಗೋಡೆ ಅನ್ನುತ್ತಾರೆ.

ಹೀಗೆ ಬಯಲಿನ ಅಂಚಿಗೆ ಎದ್ದು ನಿಂತಿದ್ದರಿಂದ ಆದದ್ದು ಮಳೆ. ಅಟ್ಲಾಂಟಿಕ್ ಮತ್ತು ಉತ್ತರ ಸಮುದ್ರದ ಕಡೆಯಿಂದ ಬರುವ ಒದ್ದೆ ಗಾಳಿಗೆ ದಾರಿಯಲ್ಲಿ ತಡೆಯೇ ಇಲ್ಲ. ಮೊದಲ ಗಟ್ಟಿ ತಡೆ ಹಾರ್ಟ್ಸ್. ಬ್ರೊಕೆನ್ ತುದಿಯಲ್ಲಿ ವರ್ಷಕ್ಕೆ ಸುಮಾರು 1,800 ಮಿಲಿಮೀಟರ್ ಮಳೆ, ಹಿಮ ಸೇರಿ. ಅದೇ ಬೆಟ್ಟದ ಪೂರ್ವಕ್ಕೆ ಇಳಿದು ಹಾಲೆ, ಮಾಗ್ಡೆಬುರ್ಗ್ ಕಡೆಯ ಬಯಲಿಗೆ ಹೋದರೆ ಎಷ್ಟೋ ಕಡೆ 500 ಮಿಲಿಮೀಟರ್ ಕೂಡ ದಾಟುವುದಿಲ್ಲ. ಇಲ್ಲಿ ಕೂತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಬರಿದಾಗುತ್ತದೆ ಅಲ್ವಾ, ಹಾಗೇ.

ಬ್ರೊಕೆನ್ ಮೇಲೆ ವರ್ಷದಲ್ಲಿ ಸುಮಾರು 300 ದಿನ ಒಂದಲ್ಲ ಒಂದು ಹೊತ್ತಲ್ಲಿ ಮಂಜು ಮುಸುಕಿರುತ್ತದೆ. ಸೂರ್ಯ ಬೆನ್ನಿಗಿದ್ದು ಮುಂದೆ ಮಂಜು ಇದ್ದರೆ ನಿಮ್ಮ ನೆರಳು ರಾಕ್ಷಸನ ಹಾಗೆ ಮಂಜಿನ ಮೇಲೆ ಬೀಳುತ್ತದೆ, ತಲೆಯ ಸುತ್ತ ಬಣ್ಣದ ಬಳೆ. ಜಗತ್ತಿನಲ್ಲಿ ಎಲ್ಲಿ ಇಂಥ ನೆರಳು ಕಂಡರೂ ಅದಕ್ಕೆ ‘ಬ್ರೊಕೆನ್ ಭೂತ’ ಅಂತಲೇ ಹೆಸರು. ನನಗೆ ಒಂದೇ ಸಲ ಕಂಡಿತು. ಹೆದರಿಕೆಗಿಂತ ಜಾಸ್ತಿ ಸಂತೋಷವೇ ಆಯಿತು. ಇಷ್ಟು ಕಡಿಮೆ ಎತ್ತರದಲ್ಲೇ ಚಳಿ, ಗಾಳಿ ಎಷ್ಟು ಕಠಿಣ ಅಂದರೆ ಸುಮಾರು 1,100 ಮೀಟರಿನ ಮೇಲೆ ಮರ ಬೆಳೆಯುವುದಿಲ್ಲ. 1984ರ ನವೆಂಬರಿನಲ್ಲಿ ತುದಿಯ ಹವಾಮಾನ ಕೇಂದ್ರದಲ್ಲಿ ಗಂಟೆಗೆ 263 ಕಿಲೋಮೀಟರ್ ವೇಗದ ಗಾಳಿ ದಾಖಲಾಗಿದೆ.

ಈಗ ಕಲ್ಲಿಗೆ ಬರೋಣ. ಬ್ರೊಕೆನ್ ಗ್ರಾನೈಟ್ ಬೆಟ್ಟ. ಸುಮಾರು 30 ಕೋಟಿ ವರ್ಷಗಳ ಹಿಂದೆ ನೆಲದೊಳಗೆ ಕರಗಿದ್ದ ಕಲ್ಲು ಅಲ್ಲೇ ತಣ್ಣಗಾಗಿ ಗಟ್ಟಿಯಾಯಿತು. ಮೇಲಿದ್ದದ್ದು ಸವೆದು ಅದು ಹೊರಗೆ ಬಂತು. ಅಕ್ಕಿ ಮೂಟೆ ಒಂದರ ಮೇಲೊಂದು ಪೇರಿಸಿದ ಹಾಗೆ ದುಂಡನೆಯ ಬಂಡೆಗಳು ಅಲ್ಲಲ್ಲಿ ಸಿಗುತ್ತವೆ. ಶೀರ್ಕೆ ಊರಿನ ಹತ್ತಿರ ಎರಡು ಬಂಡೆಗಳಿಗೆ ‘ಗೊರಕೆ ಹೊಡೆಯುವವರು’ ಅಂತ ಹೆಸರು, ಗಾಳಿ ನುಗ್ಗಿದಾಗ ಹಾಗೆ ಸದ್ದು ಬರುತ್ತದಂತೆ. ಅಲ್ಲಿ ನಿಂತು ದಿಕ್ಸೂಚಿ ಹಿಡಿದರೆ ಮುಳ್ಳು ದಿಕ್ಕು ತಪ್ಪುತ್ತದೆ. ಕಲ್ಲಿನಲ್ಲಿ ಕಬ್ಬಿಣದ ಕಾಂತೀಯ ಅದಿರು ಇದೆ.

ಆದರೆ ಜನರನ್ನು ಎಳೆದುಕೊಂಡು ಬಂದಿದ್ದು ಬೇರೆ ಕಲ್ಲು. ಗೊಸ್ಲಾರ್ ಊರಿನ ಬೆನ್ನಿಗೇ ರಾಮೆಲ್ಸ್‌ಬೆರ್ಗ್ ಅಂತ ಒಂದು ಗುಡ್ಡ ಇದೆ. 39 ಕೋಟಿ ವರ್ಷಗಳಷ್ಟು ಹಿಂದೆ ಅಲ್ಲಿ ಸಮುದ್ರವಿತ್ತು. ಸಮುದ್ರದ ತಳದ ಬಿಸಿ ಊಟೆಗಳಿಂದ ಲೋಹ ತುಂಬಿದ ನೀರು ಉಕ್ಕಿ ಬಂದು ಸತು, ಸೀಸ, ತಾಮ್ರ, ಜೊತೆಗೆ ಒಂದಿಷ್ಟು ಬೆಳ್ಳಿ ಪದರವಾಗಿ ಕೂತವು. ಆಮೇಲೆ ನೆಲ ಮಡಚಿಕೊಂಡಾಗ ಆ ಪದರವೇ ತಲೆಕೆಳಗಾಯಿತು. ಒಬ್ಬ ಸವಾರನ ಕುದುರೆ ಕಟ್ಟಿಹಾಕಿದ ಕಡೆ ಗೊರಸಿನಿಂದ ನೆಲ ಕೆರೆದಾಗ ಅದಿರು ಹೊಳೆಯಿತು ಅಂತ ಊರಿನವರು ಹೇಳುವ ಕಥೆ. ಗಣಿಯ ಮಾತು 968ರಲ್ಲೇ ಬರಹದಲ್ಲಿ ಬರುತ್ತದೆ. 1988ರ ತನಕ ಅಲ್ಲಿ ಕೆಲಸ ನಡೆಯಿತು. ಒಂದೇ ಗುಡ್ಡದಲ್ಲಿ ಸಾವಿರ ವರ್ಷ! ಹೊರಗೆ ಬಂದ ಅದಿರು ಹತ್ತಿರ ಹತ್ತಿರ 3 ಕೋಟಿ ಟನ್. ಗೊಸ್ಲಾರ್‌ನಲ್ಲಿ ಚಕ್ರವರ್ತಿಗಳು ಅರಮನೆ ಕಟ್ಟಿದ್ದರ ಹಿಂದೆ ಈ ಗುಡ್ಡವಿದೆ. 1992ರಲ್ಲಿ ಯುನೆಸ್ಕೊ ಗಣಿಯನ್ನೂ ಊರನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೇಲಿನ ಹಾರ್ಟ್ಸ್‌ನಲ್ಲಿ, ಅಂದರೆ ಕ್ಲೌಸ್ಟಾಲ್, ಸೆಲ್ಲರ್‌ಫೆಲ್ಡ್, ಸಾಂಕ್ಟ್ ಆಂಡ್ರಿಯಾಸ್‌ಬೆರ್ಗ್ ಊರುಗಳಲ್ಲಿ, ಅದಿರು ಪದರವಾಗಿ ಇರಲಿಲ್ಲ. ನೆಲದ ಬಿರುಕುಗಳಲ್ಲಿ ನೆಟ್ಟಗೆ ಇಳಿದ ಎಳೆಗಳಾಗಿತ್ತು. ಎಳೆ ಹಿಡಿದು ಹೋದರೆ ಆಳಕ್ಕೇ ಹೋಗಬೇಕು. ಆಳಕ್ಕೆ ಹೋದಷ್ಟೂ ನೀರು. ಕೋಲಾರದವರಿಗೆ ಗೊತ್ತು, ಗಣಿಯ ದೊಡ್ಡ ಶತ್ರು ನೀರು. ಹಗಲೂ ರಾತ್ರಿ ಎತ್ತಿ ಹೊರಗೆ ಹಾಕಲೇಬೇಕು. ಆಗ ಕರೆಂಟಿಲ್ಲ, ಡೀಸೆಲ್ ಇಲ್ಲ. ಹಾರ್ಟ್ಸ್‌ನವರು ಏನು ಮಾಡಿದರು ಗೊತ್ತಾ? ನೀರನ್ನು ಎತ್ತಲು ನೀರನ್ನೇ ದುಡಿಸಿದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನಗೆ ಹಾರ್ಟ್ಸ್ ಅಂದರೆ ಮೊದಲು ನೆನಪಾಗುವುದು ಇದೇ.

ಆಕಾಶದಿಂದ ಬೀಳುವ ಮಳೆಯನ್ನು ಬೆಟ್ಟದ ಸುತ್ತ ತೋಡಿದ ಕಾಲುವೆಗಳಲ್ಲಿ ಹಿಡಿದು, ಕೆರೆಗಳಲ್ಲಿ ಕೂಡಿಟ್ಟು, ಬೇಕಾದಾಗ ಗಣಿಯ ಬಾಯಿಗೆ ಹರಿಸಿ, ದೊಡ್ಡ ಮರದ ಚಕ್ರಗಳನ್ನು ತಿರುಗಿಸುತ್ತಿದ್ದರು. ಚಕ್ರ ಪಂಪನ್ನು ನಡೆಸುತ್ತದೆ, ಪಂಪು ಆಳದ ನೀರನ್ನು ಎತ್ತುತ್ತದೆ. ಎಷ್ಟೋ ಚಕ್ರಗಳು ನೆಲದೊಳಗೇ ಇದ್ದವು. ಒಂದು ಚಕ್ರದಿಂದ ಬಿದ್ದ ನೀರು ಕೆಳಗಿನ ಇನ್ನೊಂದು ಚಕ್ರಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಒಂದೇ ನೀರಿನಿಂದ ಮೂರ್ನಾಲ್ಕು ಸಲ ಕೆಲಸ. ಒಟ್ಟು 143 ಕೆರೆಗಳು, 500 ಕಿಲೋಮೀಟರ್ ಕಾಲುವೆ, 30 ಕಿಲೋಮೀಟರ್ ಸುರಂಗ ಅಂತ ಲೆಕ್ಕ ಸಿಗುತ್ತದೆ. ಹೆಚ್ಚಿನದು 16ರಿಂದ 19ನೇ ಶತಮಾನದ ನಡುವೆ ಆದದ್ದು. ಇದಕ್ಕೂ ಯುನೆಸ್ಕೊ ಮನ್ನಣೆ ಸಿಕ್ಕಿದೆ, 2010ರಲ್ಲಿ.

ಕಾಲುವೆ ಅಂದ ತಕ್ಷಣ ನಮ್ಮ ನಾಲೆಗಳಷ್ಟು ದೊಡ್ಡದು ಅಂತ ಅಂದುಕೊಳ್ಳಬೇಡಿ. ದಾಟಲು ಒಂದು ಉದ್ದ ಹೆಜ್ಜೆ ಸಾಕು. ಎರಡೂ ಬದಿಗೆ ಕಲ್ಲು ಕಟ್ಟಿದ್ದಾರೆ, ಕಲ್ಲಿನ ಸಂದಿಯಲ್ಲಿ ಪಾಚಿ. ಬೆಟ್ಟದ ಮಗ್ಗುಲಿಗೆ ಅಂಟಿಕೊಂಡು, ಅದು ಒಳಗೆ ತಿರುಗಿದರೆ ಒಳಗೆ, ಹೊರಗೆ ತಿರುಗಿದರೆ ಹೊರಗೆ ತಿರುಗುತ್ತಾ ಹೋಗುತ್ತದೆ. ನೀರು ನಿಂತಿದೆಯೋ ಹರಿಯುತ್ತಿದೆಯೋ ಗೊತ್ತಾಗುವುದಿಲ್ಲ. ಒಂದು ಒಣ ಎಲೆ ಹಾಕಿದೆ. ಅದು ನಿಧಾನವಾಗಿ, ನನ್ನ ಮೆಲ್ಲನೆಯ ನಡಿಗೆಗೆ ಸರಿಯಾಗಿ, ಪಕ್ಕದಲ್ಲೇ ಬಂತು. ಒಂದು ಮೀಟರಿಗೆ ಕೆಲವೇ ಮಿಲಿಮೀಟರ್ ಇಳಿಜಾರು ಕೊಟ್ಟಿದ್ದಾರೆ. ಜಾಸ್ತಿ ಇಳಿಸಿದರೆ ಎತ್ತರ ಕಳೆದುಹೋಗುತ್ತದೆ, ಎತ್ತರ ಹೋದರೆ ಚಕ್ರ ತಿರುಗಿಸುವ ಬಲ ಹೋಗುತ್ತದೆ. 1732ರಲ್ಲಿ ಶುರುವಾದ ಡಾಮ್‌ಗ್ರಾಬೆನ್ ಅನ್ನುವ ಕಾಲುವೆ ಬ್ರೊಕೆನ್ ಕಡೆಯ ನೀರನ್ನು ಹೀಗೇ ಕ್ಲೌಸ್ಟಾಲ್ ತನಕ ತರುತ್ತಿತ್ತು. ನಡುವೆ ಒಂದು ತಗ್ಗು ಅಡ್ಡ ಬಂತು. ಕಾಲುವೆಯನ್ನು ಇಳಿಸೋ ಹಾಗಿಲ್ಲ. ಹಾಗಾಗಿ ತಗ್ಗಿನ ಅಡ್ಡಕ್ಕೆ 940 ಮೀಟರ್ ಉದ್ದ, 16 ಮೀಟರ್ ಎತ್ತರದ ಮಣ್ಣಿನ ಏರಿ ಹಾಕಿ, ಅದರ ನೆತ್ತಿಯ ಮೇಲೆ ನೀರು ಹರಿಸಿದರು. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿಹೋಗದಿರಲಿ ಅಂತ ಕಾಲುವೆಗಳ ಮೇಲೆ ಮರದ ಕೊಂಬೆ ಹೊದಿಸುತ್ತಿದ್ದರು.

ಕೆರೆಗಳಲ್ಲಿ ದೊಡ್ಡದು ಓಡರ್‌ಟೈಶ್. 1715ರಿಂದ 1722ರ ತನಕ ಕಟ್ಟಿದ್ದು. ಏರಿಯ ಎರಡು ಬದಿಗೂ ಭಾರೀ ಗ್ರಾನೈಟ್ ದಿಂಡುಗಳು, ನಡುವೆ ಅದೇ ಗ್ರಾನೈಟ್ ಉದುರಿ ಆದ ದಪ್ಪ ಮರಳನ್ನು ಬಡಿದು ಕೂರಿಸಿದ್ದಾರೆ. ಸಿಮೆಂಟಿಲ್ಲ. 17 ಲಕ್ಷ ಘನ ಮೀಟರ್ ನೀರು ನಿಲ್ಲುತ್ತದೆ. 19ನೇ ಶತಮಾನದ ಕೊನೆಯವರೆಗೂ ಇಡೀ ಜರ್ಮನಿಯಲ್ಲಿ ಇದಕ್ಕಿಂತ ದೊಡ್ಡ ಅಣೆಕಟ್ಟು ಇರಲಿಲ್ಲ. ಇವತ್ತು ಹೆದ್ದಾರಿಯೇ ಆ ಏರಿಯ ಮೇಲೆ ಹೋಗುತ್ತದೆ. ಲಾರಿಗಳು ಹೋಗುತ್ತವೆ, ಏರಿ ಅಲ್ಲಾಡುವುದಿಲ್ಲ. ಹಳೆಯ ಕೆರೆಗಳಿಗಂತೂ ನೀರು ಸೋರದಿರಲು ಹುಲ್ಲಿನ ಹೆಂಟೆ ಬಳಸಿದ್ದರು. ಹುಲ್ಲುಗಾವಲಿನಿಂದ ಹುಲ್ಲು, ಬೇರು, ಮಣ್ಣು ಸಮೇತ ಚೌಕವಾಗಿ ಕತ್ತರಿಸಿ ತಂದು, ಒಂದರ ಮೇಲೊಂದು ತುಳಿದು ಕೂರಿಸುವುದು. ಹಾಗೆ ತುಳಿದ ಹುಲ್ಲು ಮುನ್ನೂರು ವರ್ಷಗಳಿಂದ ನೀರು ಹಿಡಿದು ನಿಂತಿದೆ. ಇದನ್ನು ಕಟ್ಟಿದ ಕೈಗಳ ಬಗ್ಗೆ ನನಗೆ ತುಂಬಾ ಗೌರವ.

ಇನ್ನು ಆಳ. ಸಾಂಕ್ಟ್ ಆಂಡ್ರಿಯಾಸ್‌ಬೆರ್ಗ್‌ನ ಸ್ಯಾಮ್ಸನ್ ಗಣಿ 1521ರಲ್ಲಿ ಶುರುವಾಗಿ 1910ರಲ್ಲಿ ಮುಚ್ಚಿತು. ಆಳ 800 ಮೀಟರಿಗೂ ಜಾಸ್ತಿ. ಇಳಿಯುವುದಕ್ಕೆ ಏಣಿ. ಕೆಲಸ ಮುಗಿಸಿ ಸುಸ್ತಾದವನು ಮತ್ತೆ ಅಷ್ಟೂ ಏಣಿ ಹತ್ತಬೇಕು. ವಯಸ್ಸಾದವರಿಗೆ ಆಗುತ್ತಿರಲಿಲ್ಲ, ಎದೆ ಕೊಡುತ್ತಿರಲಿಲ್ಲ. 1833ರಲ್ಲಿ ಗಣಿ ಅಧಿಕಾರಿ ಡ್ಯೋರೆಲ್ ಒಂದು ಉಪಾಯ ಮಾಡಿದರು. ಚಕ್ರದಿಂದ ಮೇಲೆ ಕೆಳಗೆ ಆಡುವ ಎರಡು ಉದ್ದನೆಯ ಕಂಬ, ಅವುಗಳಿಗೆ ಮೆಟ್ಟಿಲು. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಸರಿಯಾದ ಕ್ಷಣಕ್ಕೆ ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ದಾಟಿಸುತ್ತಾ ಹೋದರೆ ಹತ್ತದೆಯೇ ಮೇಲೆ ಬರಬಹುದು. ಸ್ಯಾಮ್ಸನ್ ಗಣಿಯಲ್ಲಿ ಅಂಥದ್ದು ಇವತ್ತಿಗೂ ಓಡುತ್ತದೆ. ನೋಡುತ್ತಾ ನಿಂತಾಗ ನನ್ನ ಅಂಗಾಲು ಜುಮ್ ಅಂದಿತು.

ಮರುವರ್ಷ ಬಂತು ನಿಮ್ಮ ಕೈಯಲ್ಲಿರುವ ಆ ವಸ್ತು. ಅಲ್ಲಿಯವರೆಗೆ ಅದಿರನ್ನು ಎತ್ತಲು ಸೆಣಬಿನಂಥ ನಾರಿನ ಹಗ್ಗ ಅಥವಾ ಕಬ್ಬಿಣದ ಸರಪಳಿ. ನಾರಿನ ಹಗ್ಗ ಒದ್ದೆಯಲ್ಲಿ ಕೊಳೆಯುತ್ತದೆ. ಸರಪಳಿಯಲ್ಲಿ ಒಂದು ಕೊಂಡಿ ಒಡೆದರೆ ಮುಗಿಯಿತು, ಮುನ್ಸೂಚನೆಯೇ ಇಲ್ಲ. ಕ್ಲೌಸ್ಟಾಲ್‌ನ ಗಣಿ ಅಧಿಕಾರಿ ಯೂಲಿಯಸ್ ಆಲ್ಬರ್ಟ್ ಕಬ್ಬಿಣದ ತಂತಿಗಳನ್ನು ಹೊಸೆದರು. ನಾಲ್ಕು ತಂತಿ ಸೇರಿ ಒಂದು ಎಳೆ, ಮೂರು ಎಳೆ ಸೇರಿ ಒಂದು ಹಗ್ಗ, ಒಟ್ಟು ಹನ್ನೆರಡು ತಂತಿ. 1834ರ ಜುಲೈನಲ್ಲಿ ಕ್ಯಾರೊಲಿನ್ ಗಣಿಯಲ್ಲಿ ಅದನ್ನು ಮೊದಲು ಬಳಸಿದರು. ಒಂದು ತಂತಿ ಹೋದರೂ ಮಿಕ್ಕವು ಹಿಡಿದಿರುತ್ತವೆ, ಹೋದದ್ದು ಕಣ್ಣಿಗೂ ಕಾಣುತ್ತದೆ.

ಇದನ್ನು ಅಲ್ಲಿಂದಲೇ ಫೋನ್ ಮಾಡಿ ತಂದೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೋಡಪ್ಪ, ನಾವು ಕಾಟನ್ ವೇಸ್ಟ್ ಹಿಡಿದು ರೋಪ್ ಮೇಲೆ ಸವರುತ್ತಿದ್ದೆವು. ಎಲ್ಲಿ ಹತ್ತಿ ಸಿಕ್ಕಿಕೊಂಡಿತೋ ಅಲ್ಲಿ ತಂತಿ ಒಡೆದಿದೆ ಅಂತ. ಸರಪಳಿ ಆಗಿದ್ದರೆ ನಾನೂ ಆ ಕೆಲಸ ಮಾಡುತ್ತಿರಲಿಲ್ಲ’ ಅಂದರು. ಕೋಲಾರದಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿದರಲ್ಲ, ಅದು ಇಂಥ ಹಗ್ಗ ಇಲ್ಲದೆ ಆಗುವ ಮಾತಾಗಿರಲಿಲ್ಲ.

ಈಗ ಕಾಡಿನ ಮಾತು. ಇಷ್ಟೆಲ್ಲ ಹೇಳಿದ್ದು ಇದಕ್ಕಾಗಿ.

ಗಣಿಗೆ ಎಷ್ಟು ಮರ ಬೇಕು ಅಂತ ಯೋಚಿಸಿ. ಸುರಂಗದ ಚಾವಣಿ ಬೀಳದಿರಲು ಕಂಬ. ಚಕ್ರ, ಪಂಪು, ಏಣಿ ಎಲ್ಲವೂ ಮರದ್ದು. ಅದಿರು ಕರಗಿಸಲು ಇದ್ದಿಲು. ರಾಮೆಲ್ಸ್‌ಬೆರ್ಗ್‌ನಲ್ಲಿ ಕಲ್ಲು ಎಷ್ಟು ಗಟ್ಟಿ ಅಂದರೆ, ಅದಿರಿನ ಗೋಡೆಗೆ ಸೌದೆ ಪೇರಿಸಿ, ಜನ ಹೊರಗಿರುವ ರಜೆಯ ದಿನ ಬೆಂಕಿ ಹಾಕಿ, ಕಲ್ಲು ಬಿರಿದ ಮೇಲೆ ಕೀಳುತ್ತಿದ್ದರು. ನೂರಾರು ವರ್ಷ ಹೀಗೆ ನಡೆದರೆ ಯಾವ ಕಾಡು ಉಳಿಯುತ್ತದೆ? ಮೊದಲು ಇಳಿಜಾರುಗಳಲ್ಲಿ ಇದ್ದದ್ದು ಹೆಚ್ಚಾಗಿ ಬೀಚ್ ಮರಗಳು. ಎಲೆ ಉದುರಿಸುವ, ಅಗಲವಾಗಿ ಹರಡುವ ಮರ. ಸ್ಪ್ರೂಸ್, ಅಂದರೆ ಸೂಜಿ ಎಲೆಯ ನೆಟ್ಟನೆಯ ಮರ, ತಾನಾಗಿ ಇದ್ದದ್ದು 700-800 ಮೀಟರಿನ ಮೇಲೆ, ಚಳಿ ಜಾಸ್ತಿ ಇರುವ ಕಡೆ. 18ನೇ ಶತಮಾನಕ್ಕೆ ಬರುವ ಹೊತ್ತಿಗೆ ಗಣಿ ಊರುಗಳ ಸುತ್ತ ಬೆಟ್ಟಗಳು ಬೋಳಾಗಿದ್ದವು.

ಆಗ ಗಿಡ ನೆಡಲು ಶುರು ಮಾಡಿದರು. ನೆಟ್ಟದ್ದು ಬಹುಪಾಲು ಸ್ಪ್ರೂಸ್. ಬೋಳು ನೆಲದಲ್ಲೂ ಹಿಡಿಯುತ್ತದೆ, ಬೇಗ ಬೆಳೆಯುತ್ತದೆ, ಕಂಬದ ಹಾಗೆ ನೆಟ್ಟಗಿರುತ್ತದೆ. ಗಣಿಯವರಿಗೆ ಅದು ಇಷ್ಟವಾಗಲು ಇನ್ನೊಂದು ಕಾರಣವೂ ಇತ್ತು. ಮೇಲಿನ ಭಾರ ಜಾಸ್ತಿಯಾದರೆ ಈ ಮರದ ಕಂಬ ಮುರಿಯುವ ಮೊದಲು ಕಿರ್ ಕಿರ್ ಅಂತ ಸದ್ದು ಮಾಡುತ್ತದೆ. ಓಡಿಹೋಗಲು ಒಂದು ಗಳಿಗೆ ಸಿಗುತ್ತದೆ. ತಂತಿ ಹಗ್ಗ ಮಾಡಿದ್ದೂ ಇದನ್ನೇ, ಮೊದಲೇ ಎಚ್ಚರಿಸುವುದು. ಹೀಗೆ ಬೀಚ್ ಇರಬೇಕಾದ ಇಳಿಜಾರಲ್ಲೂ ಸ್ಪ್ರೂಸ್ ಸಾಲು ಸಾಲಾಗಿ ಬಂತು. ಎರಡನೇ ಮಹಾಯುದ್ಧದ ನಂತರ, ಗೆದ್ದ ದೇಶಗಳಿಗೆ ಕೊಡಬೇಕಾದ ಯುದ್ಧ ಪರಿಹಾರದ ಲೆಕ್ಕದಲ್ಲಿ, ಮತ್ತೆ ಬೆಟ್ಟಬೆಟ್ಟವೇ ಕಡಿದು ಸಾಗಿಸಿದರು. ಮತ್ತೆ ನೆಟ್ಟರು, ಮತ್ತೆ ಸ್ಪ್ರೂಸ್. ಪ್ರವಾಸಿಗಳು ಆದಿಕಾಲದ ಕಾಡು ಅಂದುಕೊಂಡು ಫೋಟೊ ತೆಗೆಯುತ್ತಿದ್ದದ್ದು ಬಹಳ ಕಡೆ ಒಂದೇ ವಯಸ್ಸಿನ, ಒಂದೇ ಜಾತಿಯ ನೆಡುತೋಪು. ನಾನೂ ಮೊದಲ ಸಲ ಹಾಗೇ ಅಂದುಕೊಂಡಿದ್ದೆ.

2018, 2019, 2020. ಮೂರು ವರ್ಷ ಒಂದರ ಹಿಂದೊಂದು ಬಿಸಿಲು, ಮಳೆಯ ಕೊರತೆ. ಅದಕ್ಕೂ ಮೊದಲು ಬಿರುಗಾಳಿಗಳು ಬಹಳ ಮರ ಕೆಡವಿದ್ದವು. ಸ್ಪ್ರೂಸ್‌ನ ಬೇರು ಆಳಕ್ಕೆ ಹೋಗುವುದಿಲ್ಲ. ನೀರಿಲ್ಲದೆ ಮರಗಳು ಸೊರಗಿದವು. ಆಗ ಬಂತು ತೊಗಟೆ ಹುಳು. ಅರ್ಧ ಸೆಂಟಿಮೀಟರ್ ಉದ್ದದ ಕಂದು ದುಂಬಿ. ಆರೋಗ್ಯವಾಗಿರುವ ಮರ ತೂತು ಬಿದ್ದ ಕಡೆ ಅಂಟು ಸುರಿಸಿ ಹುಳುವನ್ನು ಮುಳುಗಿಸಿಬಿಡುತ್ತದೆ. ನೀರು ಕುಡಿಯದ ಮರಕ್ಕೆ ಅಂಟು ಎಲ್ಲಿಂದ ಬರಬೇಕು?

ಸತ್ತ ಮರದಿಂದ ಅಂಗೈಯಗಲ ತೊಗಟೆ ತಾನಾಗೇ ಕಳಚಿ ಬಂತು. ತಿರುಗಿಸಿ ಒಳಬದಿ ನೋಡಿದೆ. ಮೇಲಿಂದ ಕೆಳಕ್ಕೆ ನೆಟ್ಟಗೆ ಒಂದು ದಾರಿ, ಬೆರಳುದ್ದ. ಅದು ತಾಯಿ ದುಂಬಿ ಕೊರೆದದ್ದು. ಅದರ ಎರಡೂ ಕಡೆಗೆ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ಸಣ್ಣ ದಾರಿಗಳು. ಶುರುವಿನಲ್ಲಿ ದಾರದಷ್ಟು ಸಣ್ಣ, ಹೋಗ್ತಾ ಹೋಗ್ತಾ ದಪ್ಪ, ಯಾಕಂದರೆ ತಿನ್ನುತ್ತಾ ಹೋದ ಮರಿ ಬೆಳೆದಿದೆ. ಪ್ರತಿ ದಾರಿಯ ಕೊನೆಗೂ ಒಂದು ಗೂಡು, ಅಲ್ಲೊಂದು ತೂತು. ಅಲ್ಲಿಂದ ಹಾರಿಹೋಗಿದೆ. ಜರ್ಮನ್ನರು ಈ ಹುಳುವಿಗೆ ‘ಬೂಖ್‌ಡ್ರುಕರ್’ ಅನ್ನುತ್ತಾರೆ, ಪುಸ್ತಕ ಅಚ್ಚು ಹಾಕುವವನು ಅಂತ. ತೊಗಟೆಯ ಮೇಲಿನ ಆ ಗುರುತು ನಿಜವಾಗಿ ಅಚ್ಚಾದ ಸಾಲುಗಳ ಹಾಗೇ ಇದೆ. ಮರದ ಊಟ ಸಾಗುವುದು ಆ ಒಳತೊಗಟೆಯಲ್ಲಿ. ಅದನ್ನು ಸುತ್ತ ತಿಂದರೆ ಮರ ಸಾಯುತ್ತದೆ. ಬೆಚ್ಚಗಿನ ವರ್ಷ ಹುಳು ಮೂರು ತಲೆಮಾರು ಬೆಳೆಸುತ್ತದೆ. ಒಂದೇ ಜಾತಿಯ ಮರ ಮೈಲುಗಟ್ಟಲೆ ಇದ್ದರೆ ಅದಕ್ಕೆ ಹಬ್ಬ.

ಇದು ಮೊದಲ ಸಲವೂ ಅಲ್ಲ. 18ನೇ ಶತಮಾನದ ಕೊನೆಯಲ್ಲೂ ಹಾರ್ಟ್ಸ್‌ನಲ್ಲಿ ಇದೇ ಹುಳು ಕಾಡುಗಳನ್ನು ಒಣಗಿಸಿತ್ತು. ಅದಕ್ಕೆ ಅವರು ಇಟ್ಟ ಹೆಸರು ‘ಹುಳುವಿನ ಒಣಗು’. ಗೊತ್ತಿದ್ದೂ ಮತ್ತೆ ಅದನ್ನೇ ನೆಟ್ಟರಲ್ಲ ಅಂತ ನನಗೆ ಬೇಜಾರಾಗುತ್ತದೆ. ಆದರೆ ಯುದ್ಧ ಮುಗಿದ ಆ ದಿನಗಳಲ್ಲಿ ಬೋಳು ಬೆಟ್ಟದ ಎದುರು ನಿಂತವರಿಗೆ ಬೇರೆ ದಾರಿ ಎಷ್ಟು ಕಂಡೀತು ಅನ್ನುವುದೂ ನಿಜ.

2020ರ ಬೇಸಿಗೆಯಲ್ಲಿ ಟೋರ್ಫ್‌ಹೌಸ್ ಅನ್ನುವ ಜಾಗದಲ್ಲಿ ಬಸ್ ಇಳಿದೆ. ಎದುರಿಗೆ ಬ್ರೊಕೆನ್. ಮೊದಲು ಅಲ್ಲಿಂದ ನೋಡಿದರೆ ಕಡು ಹಸಿರು ಅಲೆ ಅಲೆಯಾಗಿ ಏರುತ್ತಿತ್ತು. ಈಗ ಪೂರಾ ಬೂದಿ ಬಣ್ಣ. ಮರಗಳು ನಿಂತಿವೆ, ಎಲೆ ಇಲ್ಲ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೈಕೋಲು ಹಿಡಿದು ಅತ್ತ ನೋಡುತ್ತಾ ನಿಂತಿದ್ದರು. ಏನೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನಾನು ವಾಪಸ್ ಬಂದ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಶೀರ್ಕೆ ಮೇಲಿನ ಇಳಿಜಾರಲ್ಲಿ ದೊಡ್ಡ ಕಾಡ್ಗಿಚ್ಚು ಎದ್ದಿತು.

ಇನ್ನೊಂದು ಗುರುತನ್ನು ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿ ಎರಡಾಗಿದ್ದಾಗ ಗಡಿ ಈ ಬೆಟ್ಟದ ಮಧ್ಯೆಯೇ ಇತ್ತು. ಎಕರ್ ಜಲಾಶಯದಲ್ಲಂತೂ ಅಣೆಕಟ್ಟಿನ ನೆತ್ತಿಯ ಮೇಲೇ ಗೆರೆ. ಬ್ರೊಕೆನ್ ಪೂರ್ವಕ್ಕೆ ಸೇರಿತ್ತು. 1961ರಲ್ಲಿ ಜನರಿಗೆ ಮುಚ್ಚಿದರು, ತುದಿಯ ಸುತ್ತ ಕಾಂಕ್ರೀಟ್ ಗೋಡೆ ಕಟ್ಟಿದರು, ಒಳಗೆ ಕೂತು ಪಶ್ಚಿಮದ ಸಂಭಾಷಣೆ ಕದ್ದು ಕೇಳಿದರು. 28 ವರ್ಷ ಎರಡೂ ಕಡೆಯ ಜನ ಅದನ್ನು ದೂರದಿಂದ ನೋಡಿದರು, ಅಷ್ಟೇ. 1989ರ ಡಿಸೆಂಬರ್ 3ರಂದು ಜನ ನಡೆದು ಹೋಗಿ ಗೇಟ್ ತೆಗೆಸಿದರು. ಕಲ್ಲಿದ್ದಲ ಹೊಗೆ ಬಿಡುವ ಪುಟ್ಟ ರೈಲು ಈಗ ಮತ್ತೆ ತುದಿಗೆ ಹತ್ತುತ್ತದೆ. ಎರಡೂ ಕಡೆಯ ಕಾಡು ಸೇರಿ 2006ರಿಂದ ಒಂದೇ ರಾಷ್ಟ್ರೀಯ ಉದ್ಯಾನ. 1818ರಲ್ಲಿ ಹಾರ್ಟ್ಸ್‌ನ ಕೊನೆಯ ಲಿಂಕ್ಸ್ ಕಾಡುಬೆಕ್ಕನ್ನು ಹೊಡೆದಿದ್ದರು. 2000ದಿಂದ ಮತ್ತೆ ತಂದು ಬಿಟ್ಟಿದ್ದಾರೆ, ಮರಿ ಹಾಕಿ ಹರಡಿವೆ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅವನ್ನೂ ಬರೆದಿಡುತ್ತೇನೆ.

ಕೋಲಾರದಲ್ಲೇ ದುಡಿದ ಹಿರಿಯರೊಬ್ಬರು ಕೇಳಿದರು, ‘ಗಣಿ ಮುಚ್ಚಿದ ಮೇಲೆ ಅಲ್ಲಿ ಏನಾಯಿತು?’ ಕ್ಲೌಸ್ಟಾಲ್‌ನ ಗಣಿಗಳು 1930ರಲ್ಲೇ ಮುಚ್ಚಿದವು. ಇಡೀ ಹಾರ್ಟ್ಸ್‌ನ ಕೊನೆಯ ಲೋಹದ ಗಣಿ ಬಾಡ್ ಗ್ರುಂಡ್ ಊರಿನದು, 1992ರಲ್ಲಿ. ರಾಮೆಲ್ಸ್‌ಬೆರ್ಗ್ ಈಗ ವಸ್ತುಸಂಗ್ರಹಾಲಯ. ಹಳೆಯ ಕೆರೆಗಳಲ್ಲಿ 65ನ್ನು ಈಗಲೂ ದುರಸ್ತಿ ಮಾಡಿಕೊಂಡು ಕಾಪಾಡುತ್ತಾರೆ, ಕೆಲವು ಕುಡಿಯುವ ನೀರು ಕೊಡುತ್ತವೆ. ಹೊಸ ಜಲಾಶಯಗಳೂ ಬಂದಿವೆ. ಸ್ಯೋಸೆ ಜಲಾಶಯದ ನೀರು 1934ರಿಂದ ಸುಮಾರು 200 ಕಿಲೋಮೀಟರ್ ದೂರದ ಬ್ರೆಮೆನ್ ನಗರಕ್ಕೆ ಕೊಳವೆಯಲ್ಲಿ ಹೋಗುತ್ತದೆ. ಗಣಿಯ ವಿಷವೂ ಉಳಿದಿದೆ. ಹೊಳೆ ದಂಡೆಗಳ ಮಣ್ಣಿನಲ್ಲಿ ಸೀಸ, ಸತು ಇವೆ. ಬೇರೆ ಗಿಡ ಬಾರದ ಗಣಿ ಕಸದ ಗುಪ್ಪೆಗಳ ಮೇಲೆ, ಲೋಹ ತಡೆದುಕೊಳ್ಳುವ ಕೆಲವೇ ಗಿಡಗಳು ಗುಲಾಬಿ ಬಣ್ಣದ ಹೂ ಬಿಡುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ಸುರಿದು ಆದ ನಮ್ಮ ಕೋಲಾರದ ಸೈನೈಡ್ ಗುಡ್ಡಗಳ ಪಕ್ಕ ಬೆಳೆದ ನನಗೆ ಅದನ್ನು ನೋಡಿ ಹೊಟ್ಟೆಯೊಳಗೆ ಏನೋ ಆಯಿತು. ಅಲ್ಲಿ ನೆನಪನ್ನು ಕಾಪಾಡಲು ಹಣವಿದೆ, ಮನಸ್ಸೂ ಇದೆ. ಕೋಲಾರಕ್ಕೂ ಅದು ಬರಲಿ ಅಂತ ನನ್ನ ಆಸೆ.

ಎರಡನೆಯದು ಕಾಲೇಜು ಹುಡುಗಿಯೊಬ್ಬಳದು. ‘ಸತ್ತ ಮರಗಳನ್ನು ಯಾಕೆ ತೆಗೆದು ಹಾಕಲ್ಲ ಸರ್?’ ಉದ್ಯಾನದ ಹೊರಗಿನ ಕಾಡುಗಳಲ್ಲಿ ಕಡಿದು ಮಾರುತ್ತಾರಮ್ಮ, ಜಾಗ ಪೂರಾ ಬಯಲಾಗುತ್ತದೆ, ಬೇರೆ ಬೇರೆ ಜಾತಿ ಸೇರಿಸಿ ನೆಡುತ್ತಿದ್ದಾರೆ. ಉದ್ಯಾನದೊಳಗೆ ಬಹುಪಾಲು ಕಡೆ ಮುಟ್ಟುವುದೇ ಇಲ್ಲ. ನಿಂತ ಸತ್ತ ಮರ ಸ್ವಲ್ಪವಾದರೂ ನೆರಳು ಕೊಡುತ್ತದೆ, ಬಿದ್ದ ಮರ ನೀರು ಹಿಡಿಯುತ್ತದೆ. ಅಡ್ಡಾದಿಡ್ಡಿ ಬಿದ್ದ ದಿಮ್ಮಿಗಳ ನಡುವೆ ಜಿಂಕೆ ಬಾಯಿ ಹಾಕಲು ಆಗುವುದಿಲ್ಲ, ಎಳೆ ಗಿಡ ಬದುಕುತ್ತದೆ. ಟೋರ್ಫ್‌ಹೌಸ್‌ನಿಂದ ಒಂದು ಗಂಟೆ ನಡೆದ ಮೇಲೆ ಒಂದು ಕಡೆ ಮೊಣಕಾಲೂರಿ ನೋಡಿದೆ. ಬಿದ್ದು ಮೆತ್ತಗಾದ ಸ್ಪ್ರೂಸ್ ದಿಮ್ಮಿ, ಮೇಲೆ ಪಾಚಿ. ಆ ಪಾಚಿಯಲ್ಲಿ ಸಾಲಾಗಿ ಏಳು ಸಸಿ. ಐದು ಸ್ಪ್ರೂಸ್, ಒಂದು ಬರ್ಚ್, ಒಂದು ಕೆಂಪು ಹಣ್ಣು ಬಿಡುವ ರೋವನ್. ರೋವನ್ ಬೀಜ ತಂದದ್ದು ಯಾವುದೋ ಹಕ್ಕಿ. ಕೈಯಿಟ್ಟು ಅಳೆದೆ. ಎಲ್ಲಕ್ಕಿಂತ ಎತ್ತರದ್ದು ಒಂದು ಗೇಣು ಇತ್ತು, ನಿನ್ನ ಕೈಯಲ್ಲಿರುವ ರೋಪ್ ತುಂಡಿನಷ್ಟು.